ಕೈಗಡಿಯಾರದ ಹರಳು ದೆಹಲಿ ಬಿಸಿಲಿಗೆ ಬಂದಾಗ: ಆರ್‌ಟಿಸಿ ಚಿಪ್ಪಿನ ಕಥೆ

ವಿಡಿಯೋ ಪೂರ್ತಿ ನೋಡೋಕೆ ಪುರುಸೊತ್ತಿಲ್ಲ, ಓದೋದೇ ಸುಲಭ ಅನ್ನೋರಿಗೆ ಈ ಬರಹ. ಮಾತಿನಲ್ಲಿ ಅವಸರದಿಂದ ಬಿಟ್ಟುಹೋದ ಒಂದೆರಡು ಲೆಕ್ಕಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಇವತ್ತಿನ ವಿಷಯ ಆರ್‌ಟಿಸಿ. ಆರ್‌ಟಿಸಿ ಅಂದ ತಕ್ಷಣ ನಮ್ಮೂರ ಕಡೆಯವರಿಗೆ ಪಹಣಿ ನೆನಪಾಗುತ್ತೆ. ಇದು ಆ ಪಹಣಿ ಅಲ್ಲ. ರಿಯಲ್ ಟೈಮ್ ಕ್ಲಾಕ್. ಕರೆಂಟ್ ಹೋದರೂ ಗುಂಡಿಯಂಥ ಒಂದು ಬ್ಯಾಟರಿಯ ಮೇಲೆ ಗಂಟೆ, ನಿಮಿಷ, ದಿನಾಂಕ ಎಣಿಸುತ್ತಾ ಕೂತಿರುವ ಪುಟ್ಟ ಚಿಪ್. ಆದರೆ ಪಹಣಿಯ ಹಾಗೇ ಇದರಲ್ಲೂ ತಪ್ಪು ಎಂಟ್ರಿ ಆದರೆ ಅಕ್ಕಪಕ್ಕದವರ ನಡುವೆ ಜಗಳ ಗ್ಯಾರಂಟಿ. ಅದು ನನಗೆ ಗೊತ್ತಾಗಿದ್ದು ಹೋದ ಬೇಸಿಗೆಯಲ್ಲಿ.

ನಾನಿರೋದು ದೆಹಲಿಯ ವಸಂತ್ ಕುಂಜ್‌ನಲ್ಲಿ, ಡಿಡಿಎ ಕಟ್ಟಿದ ಫ್ಲಾಟ್ ಒಂದರಲ್ಲಿ. ಒಂದು ಮೆಟ್ಟಿಲು, ನಾಲ್ಕು ಮಹಡಿ, ನಾಲ್ಕು ಮನೆ. ಇಲ್ಲಿನ ನೀರಿನ ಕಷ್ಟ ಇಲ್ಲಿ ಇದ್ದವರಿಗೇ ಗೊತ್ತು. ನಮ್ಮ ನಾಲ್ಕು ಮನೆಗೆ ಕೆಳಗೆ ಒಂದೇ ಸಂಪು, ಒಂದೇ ಮೋಟಾರ್, ಟೆರೇಸ್ ಮೇಲೆ ನಾಲ್ಕು ಟ್ಯಾಂಕ್. ಬೆಳಿಗ್ಗೆ 6:00ಕ್ಕೆ ಮೋಟಾರ್ ಶುರುವಾಗಿ 7:20ಕ್ಕೆ ನಿಲ್ಲಬೇಕು, ಮನೆಗೆ 20 ನಿಮಿಷದಂತೆ ಸರದಿ. "ನೀನು ಇಂಜಿನಿಯರ್ ಅಲ್ವಾ, ಏನಾದ್ರೂ ಮಾಡು" ಅಂತ ಎಲ್ಲರೂ ಅಂದಿದ್ದಕ್ಕೆ ಎರಡು ಪೆಟ್ಟಿಗೆ ಮಾಡಿದೆ. ಒಂದು ಮೆಟ್ಟಿಲ ಕೆಳಗೆ, ಮೋಟಾರ್ ಆನ್-ಆಫ್ ಮಾಡೋಕೆ. ಇನ್ನೊಂದು ಟೆರೇಸ್ ಮೇಲೆ, 20 ನಿಮಿಷಕ್ಕೊಮ್ಮೆ ಒಂದು ಟ್ಯಾಂಕಿನ ವಾಲ್ವ್ ಮುಚ್ಚಿ ಮುಂದಿನದನ್ನು ತೆರೆಯೋಕೆ. ನಾಲ್ಕು ಮಹಡಿ ಉದ್ದಕ್ಕೂ ವೈರ್ ಎಳೆಯೋಕೆ ಗೋಡೆ ಕೊರೆಯಬೇಕು, ಅದಕ್ಕೆ ಯಾರೂ ಒಪ್ಪಲಿಲ್ಲ. ಹಾಗಾಗಿ ಎರಡೂ ಪೆಟ್ಟಿಗೆಗೆ ತಲಾ ಒಂದು ಆರ್‌ಟಿಸಿ ಚಿಪ್ ಹಾಕಿದೆ. ಎರಡು ಗಡಿಯಾರ ಒಂದೇ ಸಮಯ ತೋರಿಸಿದರೆ ವೈರ್ ಯಾಕೆ ಬೇಕು ಅಂತ ನನ್ನ ತರ್ಕ.

ಮಾರ್ಚ್ ಮಧ್ಯದಲ್ಲಿ ಹಾಕಿದ್ದು. ಜುಲೈ ಮಧ್ಯದಲ್ಲಿ ಮೇಲಿನ ಮಹಡಿಯ ಆಂಟಿ ಮೆಟ್ಟಿಲಲ್ಲಿ ಸಿಕ್ಕು ಹಿಂದಿಯಲ್ಲಿ ಕೇಳಿದರು: "ಬೇಟಾ, ನಮ್ಮ ಟ್ಯಾಂಕ್ ತುಂಬ್ತಾ ಇಲ್ಲ. ನಿನ್ನ ಗಡಿಯಾರ ನಿನ್ನ ಮನೆ ಕಡೆಗೇ ಓಡ್ತಾ ಇದೆಯಾ?"

ಹೋಗಿ ನೋಡಿದೆ. ಟೆರೇಸಿನ ಗಡಿಯಾರ ಕೆಳಗಿನದಕ್ಕಿಂತ 6 ನಿಮಿಷ ಹಿಂದೆ ಬಿದ್ದಿತ್ತು. ಮೋಟಾರ್ ಸರಿಯಾಗಿ 7:20ಕ್ಕೆ ನಿಲ್ಲುತ್ತಿತ್ತು, ಆದರೆ ವಾಲ್ವ್‌ಗಳು ಎಲ್ಲಾ 6 ನಿಮಿಷ ತಡ. ಮಧ್ಯದ ಎರಡು ಮನೆಗೆ ವ್ಯತ್ಯಾಸವೇ ಇಲ್ಲ, ಅವರಿಗೆ ಪೂರ್ತಿ 20 ನಿಮಿಷ. ಕೊನೆಯ ಮನೆಗೆ ಮಾತ್ರ 14 ನಿಮಿಷ. ಆ 6 ನಿಮಿಷದ ನೀರು ಎಲ್ಲಿಗೆ ಹೋಯ್ತು? ಮೊದಲ ಮನೆಗೆ. ಅವರಿಗೆ 26 ನಿಮಿಷ. ಮೊದಲ ಮನೆ ಯಾರದು ಅಂದ್ರೆ, ನಂದು. ನಮ್ಮ ಮನೆಯಲ್ಲಿ ನೀರು ಕಮ್ಮಿಯಾಗಲಿಲ್ಲ, ಅದಕ್ಕೇ ನಾನು ನಾಲ್ಕು ತಿಂಗಳು ಗಮನಿಸಲೇ ಇಲ್ಲ.

ಎಂಟೆಕ್ ಓದಿದ ಮನುಷ್ಯ ಎರಡು ಗಡಿಯಾರ ಸರಿಯಾಗಿ ನಡೆಸಲಿಲ್ಲ ಅಂದ್ರೆ ನಾಚಿಕೆ ಆಗಲ್ವಾ? ಆಯ್ತು. ಎಲ್ಲಿ ತಪ್ಪಿದೆ ಅಂತ ಹುಡುಕುತ್ತಾ ಹೋದಾಗ ಸುಮಾರು 300 ವರ್ಷದ ಇತಿಹಾಸ ಕೈಗೆ ಸಿಕ್ತು. ಅದನ್ನೇ ಇವತ್ತು ಹೇಳ್ತಾ ಇರೋದು.

ಗಡಿಯಾರ ಮತ್ತು ಜಾಗ

ಸೂರ್ಯನಿಂದಲೇ ಶುರು ಮಾಡೋಣ. ದೆಹಲಿಯ ಜಂತರ್ ಮಂತರ್ ನೋಡಿದವರಿಗೆ ಸಾಮ್ರಾಟ್ ಯಂತ್ರ ಗೊತ್ತಿರುತ್ತೆ. 1724ರಲ್ಲಿ ಸವಾಯಿ ಜೈಸಿಂಗ್ ಕಟ್ಟಿಸಿದ ವೀಕ್ಷಣಾಲಯದ ದೊಡ್ಡ ನೆರಳು ಗಡಿಯಾರ ಅದು. ಮೆಟ್ಟಿಲಿರುವ ಆ ಇಳಿಜಾರು ಗೋಡೆಯ ಕೋನ ದೆಹಲಿಯ ಅಕ್ಷಾಂಶಕ್ಕೆ ಸರಿಯಾಗಿ, ಸುಮಾರು 28.6 ಡಿಗ್ರಿ. ಅದೇ ಗೋಡೆಯನ್ನು ಎತ್ತಿ 13 ಡಿಗ್ರಿಯ ಬೆಂಗಳೂರಲ್ಲಿ ಇಟ್ಟರೆ ತಪ್ಪು ಸಮಯ ತೋರಿಸುತ್ತೆ. ಅಂದರೆ ಗಡಿಯಾರವನ್ನು ಅದಿರುವ ಜಾಗಕ್ಕೆ ತಕ್ಕ ಹಾಗೆ ಮಾಡಬೇಕು ಅನ್ನೋದು ಕಟ್ಟಿದವರಿಗೆ ಗೊತ್ತಿತ್ತು. ನಾನು ಮರೆತಿದ್ದು ಇದನ್ನೇ.

ಸುಮಾರು ಅದೇ ಕಾಲ, 1720ರ ದಶಕ. ಇಂಗ್ಲೆಂಡಿನಲ್ಲಿ ಜಾನ್ ಹ್ಯಾರಿಸನ್ ಅನ್ನೋ ಬಡಗಿ ಲೋಲಕದ ಗಡಿಯಾರದ ಹಿಂದೆ ಬಿದ್ದಿದ್ದರು. ಅವರಿಗೆ ಕಾಟ ಕೊಟ್ಟಿದ್ದು ಬಿಸಿ. ಬೇಸಿಗೆಯಲ್ಲಿ ಲೋಲಕದ ಸರಳು ಹಿಗ್ಗುತ್ತೆ, ಉದ್ದ ಆಗುತ್ತೆ, ಗಡಿಯಾರ ನಿಧಾನ ಆಗುತ್ತೆ. ಹ್ಯಾರಿಸನ್ ಹಿತ್ತಾಳೆ ಮತ್ತು ಉಕ್ಕಿನ ಸರಳುಗಳನ್ನು ಜೋಡಿಸಿ, ಒಂದು ಕೆಳಕ್ಕೆ ಹಿಗ್ಗಿದಷ್ಟನ್ನು ಇನ್ನೊಂದು ಮೇಲಕ್ಕೆ ಹಿಗ್ಗಿ ಸರಿಮಾಡುವ ಲೋಲಕ ಮಾಡಿದರು. 1761ರಲ್ಲಿ ಜಮೈಕಾಗೆ ಹಡಗಿನಲ್ಲಿ ಹೋದ ಅವರ ಪ್ರಸಿದ್ಧ ಸಮುದ್ರ ಗಡಿಯಾರದಲ್ಲೂ ಉಷ್ಣತೆಗೆ ಸರಿದೂಗಿಸುವ ಎರಡು ಲೋಹದ ಪಟ್ಟಿ ಇತ್ತು. ಈ ಉಪಾಯ ನೆನಪಿಟ್ಟುಕೊಳ್ಳಿ. ಇನ್ನೂರೈವತ್ತು ವರ್ಷ ಆದಮೇಲೆ ಇದೇ ಉಪಾಯ ಒಂದು ಚಿಪ್ಪಿನೊಳಗೆ ಮತ್ತೆ ಬರುತ್ತೆ.

ಹರಳು ಕೈಗೆ ಬಂತು

1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ಒಂದು ವಿಚಿತ್ರ ಕಂಡುಕೊಂಡರು. ಕ್ವಾರ್ಟ್ಜ್‌ನಂಥ ಹರಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತೆ. ಉಲ್ಟಾ, ವಿದ್ಯುತ್ ಕೊಟ್ಟರೆ ಹರಳು ಅಲುಗುತ್ತೆ. ಸರಿಯಾಗಿ ಕತ್ತರಿಸಿದ ಹರಳು ಬಹಳ ನಿಯತ್ತಾಗಿ ಒಂದೇ ವೇಗದಲ್ಲಿ ಅಲುಗುತ್ತೆ. 1927ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಾರನ್ ಮ್ಯಾರಿಸನ್ ಮತ್ತು ಜೆ. ಡಬ್ಲ್ಯು. ಹಾರ್ಟನ್ ಇದರಿಂದ ಗಡಿಯಾರ ಮಾಡಿದರು. ಆಗ ಅದನ್ನು ಕೈಗೆ ಕಟ್ಟೋ ಮಾತೇ ಇಲ್ಲ, ಪ್ರಯೋಗಾಲಯದಲ್ಲಿ ಇಡೋ ಯಂತ್ರ.

ಅದು ಕೈಗೆ ಬಂದಿದ್ದು 1969ರ ಡಿಸೆಂಬರ್ 25ಕ್ಕೆ. ಜಪಾನಿನ ಸೈಕೋ ಕಂಪನಿಯ ಆಸ್ಟ್ರಾನ್ ವಾಚು. ಬೆಲೆ 4,50,000 ಯೆನ್, ಅಂದರೆ ಆಗಿನ ಒಂದು ಸಣ್ಣ ಕಾರಿನ ಬೆಲೆ. ಅದರ ಹರಳು ಸೆಕೆಂಡಿಗೆ 8,192 ಸಲ ಅಲುಗುತ್ತಿತ್ತು, ತಪ್ಪು ತಿಂಗಳಿಗೆ 5 ಸೆಕೆಂಡಿನ ಒಳಗೆ. ಆಮೇಲೆ ಹರಳನ್ನು ಶ್ರುತಿ ಕವೆಯ ಆಕಾರದಲ್ಲಿ, ಚಿಪ್ ಮಾಡುವ ರೀತಿಯಲ್ಲೇ ಸಾವಿರಗಟ್ಟಲೆ ಕೊರೆಯುವ ವಿಧಾನ ಬಂತು. ಬೆಲೆ ಬಿತ್ತು, ಮತ್ತು ಎಲ್ಲರೂ ಒಂದೇ ಸಂಖ್ಯೆಗೆ ಬಂದು ನಿಂತರು: 32,768.

ಯಾಕೆ ಈ ಸಂಖ್ಯೆ? 2ನ್ನು 15 ಸಲ ಗುಣಿಸಿದರೆ 32,768. ಅಂದರೆ ಹರಳಿನ ಅಲುಗಾಟವನ್ನು 15 ಸಲ ಅರ್ಧ ಮಾಡುತ್ತಾ ಬಂದರೆ ಸೆಕೆಂಡಿಗೆ ಸರಿಯಾಗಿ ಒಂದು ಟಿಕ್ ಸಿಗುತ್ತೆ. ಅರ್ಧ ಮಾಡೋದು ಡಿಜಿಟಲ್ ಸರ್ಕ್ಯೂಟಿಗೆ ಅತಿ ಸುಲಭದ ಕೆಲಸ. ವೇಗ ಇದಕ್ಕಿಂತ ಕಮ್ಮಿ ಮಾಡಿದರೆ ಹರಳು ದೊಡ್ಡದಾಗಬೇಕು, ಹೆಚ್ಚು ಮಾಡಿದರೆ ಬ್ಯಾಟರಿ ಬೇಗ ಖಾಲಿ. ವಾಚಿಗೆ ಇದು ಹದವಾದ ಜಾಗ.

ನಮ್ಮ ಕಡೆ ಏನಾಗ್ತಾ ಇತ್ತು? ಬೆಂಗಳೂರಿನ ಎಚ್ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ವಾಚು ತಯಾರಿಸೋಕೆ ಶುರು ಮಾಡಿತ್ತು. ಆಮೇಲೆ ತುಮಕೂರಲ್ಲೂ ಕಾರ್ಖಾನೆ ಬಂತು. ನಮ್ಮಪ್ಪನ ಕೈಯಲ್ಲಿ ಇದ್ದಿದ್ದು ಕೀ ಕೊಡುವ ಎಚ್ಎಂಟಿ. ಬೆಳಿಗ್ಗೆ ರೇಡಿಯೋದಲ್ಲಿ ವಾರ್ತೆಗೆ ಮುಂಚೆ ಬರುವ ಪೀಂ ಪೀಂ ಶಬ್ದಕ್ಕೆ ಮುಳ್ಳು ಸರಿಮಾಡಿ ಕೀ ಕೊಡೋದು ಅವರ ದಿನಚರಿ. ವಾರ್ತೆ ಬರ್ತಿದ್ದಿದ್ದು ದೆಹಲಿಯಿಂದ. ಸಮಯಾನೂ ದೆಹಲಿಯಿಂದಲೇ ಬರುತ್ತೆ ಅಂತ ಚಿಕ್ಕವನಿದ್ದಾಗ ನಂಬಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ, ಕೊನೆಗೆ ಹೇಳ್ತೀನಿ. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆ ಸೇರಿ ಟೈಟನ್ ಶುರು ಮಾಡಿದವು. ಕಾರ್ಖಾನೆ ನಮ್ಮ ಗಡಿ ದಾಟಿದ ತಕ್ಷಣ ಸಿಗುವ ಹೊಸೂರಿನಲ್ಲಿ, ಒತ್ತು ಕ್ವಾರ್ಟ್ಜ್ ಮೇಲೆ. ಕೀ ಕೊಡುವ ವಾಚಿನ ಕಾಲ ಮುಗೀತಾ ಬಂತು. 2016ರ ಜನವರಿಯಲ್ಲಿ ಎಚ್ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು.

ಇಲ್ಲಿ ಒಂದು ಸಣ್ಣ ವಿಷಯ ಇದೆ, ಇಡೀ ಕಥೆಗೆ ಅದೇ ಮುಖ್ಯ. ಈ 32,768ರ ಹರಳನ್ನು 25 ಡಿಗ್ರಿ ಆಸುಪಾಸಿನಲ್ಲಿ ಸರಿಯಾಗಿ ಓಡುವ ಹಾಗೆ ಕತ್ತರಿಸುತ್ತಾರೆ. ಕೈಗೆ ಕಟ್ಟಿದ ವಾಚಿಗೆ ಹೊರಗೆ ಚಳಿ ಇರಲಿ ಸೆಕೆ ಇರಲಿ, ಒಂದು ಕಡೆ ಮೈ ತಾಗಿಕೊಂಡಿರುತ್ತೆ. ಮೈ ಬಿಸಿ ಅದನ್ನು ಹದವಾಗಿ ಇಟ್ಟಿರುತ್ತೆ. ವಾಚು ಸರಿಯಾಗಿ ಓಡೋದರಲ್ಲಿ ಕಟ್ಟಿಕೊಂಡ ಮನುಷ್ಯನ ಪಾಲೂ ಇದೆ.

ಕೈಯಿಂದ ಪೆಟ್ಟಿಗೆಗೆ

1981ರಲ್ಲಿ ಬಂದ ಮೊದಲ ಐಬಿಎಂ ಪಿಸಿಗೆ ಕರೆಂಟ್ ಹೋದರೆ ಸಮಯ ನೆನಪಿರುತ್ತಿರಲಿಲ್ಲ. ಆನ್ ಮಾಡಿದಾಗಲೆಲ್ಲ ಇವತ್ತು ಯಾವ ತಾರೀಕು, ಗಂಟೆ ಎಷ್ಟು ಅಂತ ಅದೇ ನಮ್ಮನ್ನು ಕೇಳುತ್ತಿತ್ತು. 1984ರ ಪಿಸಿ ಎಟಿಯಲ್ಲಿ ಮೊಟೊರೊಲಾ ಕಂಪನಿಯ ಎಂಸಿ 146818 ಅನ್ನೋ ಚಿಪ್ ಬಂತು. ಹಿಂದೆ ಒಂದು ಬ್ಯಾಟರಿ, ಪಕ್ಕದಲ್ಲಿ ಒಂದು ಹರಳು. ಆರ್‌ಟಿಸಿ ಅನ್ನೋದು ಮನೆಮಾತಾಗಿದ್ದು ಇಲ್ಲಿಂದ. ಇವತ್ತೂ ಕಂಪ್ಯೂಟರ್ ರಿಪೇರಿಯವರು "ಸಿಮಾಸ್ ಬ್ಯಾಟರಿ ಹೋಗಿದೆ ಸಾರ್" ಅಂತಾರಲ್ಲ, ಅದರ ಮೂಲ ಇದೇ. ಈ ಚಿಪ್ ವರ್ಷಕ್ಕೆ ಎರಡೇ ಅಂಕಿ ಇಟ್ಟುಕೊಳ್ಳುತ್ತಿತ್ತು. 1999 ಮುಗಿಯುವಾಗ ಎದ್ದ ಗಲಾಟೆಗೆ ಇಂಥ ಜಿಪುಣತನವೂ ಒಂದು ಕಾರಣ. ಫಿಲಿಪ್ಸ್ ಕಂಪನಿಯ ಪಿಸಿಎಫ್ 8583 ಅನ್ನೋ ಚಿಪ್ ಇನ್ನೂ ಜಿಪುಣ. ವರ್ಷಕ್ಕೆ ಅದು ಕೊಟ್ಟಿದ್ದು ಎರಡೇ ಬಿಟ್, ಅಂದರೆ 0ಯಿಂದ 3ರವರೆಗೆ. ಫೆಬ್ರವರಿಗೆ 29 ದಿನವೋ 28ವೋ ಅಂತ ತಿಳಿದರೆ ಸಾಕು, ಉಳಿದಿದ್ದು ನೀನು ನೋಡ್ಕೋ ಅಂತ.

ಅದೇ 1984ರಲ್ಲಿ ಹುಟ್ಟಿದ ಡಲ್ಲಾಸ್ ಸೆಮಿಕಂಡಕ್ಟರ್ ಕಂಪನಿ ಈ ಗಡಿಯಾರ ಚಿಪ್‌ಗಳಲ್ಲಿ ಹೆಸರು ಮಾಡಿತು. 2001ರಲ್ಲಿ ಅದನ್ನು ಮ್ಯಾಕ್ಸಿಮ್ ಕೊಂಡಿತು, 2021ರಲ್ಲಿ ಮ್ಯಾಕ್ಸಿಮ್‌ನ್ನು ಅನಲಾಗ್ ಡಿವೈಸಸ್ ಕೊಂಡಿತು. ಕಂಪನಿ ಎರಡು ಸಲ ಕೈ ಬದಲಾದರೂ ಚಿಪ್ಪಿನ ಮೇಲೆ ಡಿಎಸ್ ಅನ್ನೋ ಅಕ್ಷರ ಹಾಗೇ ಉಳಿದಿದೆ. ಆರ್ಡುಯಿನೋ ಕಲಿತ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಮುಟ್ಟಿರೋ ಡಿಎಸ್ 1307 ಇವರದ್ದೇ. ನಾಲ್ಕು ವೈರ್ ಜೋಡಿಸಿ, ಲೈಬ್ರರಿ ಹಾಕಿ, ಸಮಯ ಓದಿ, ಅಷ್ಟೇ. ಬೆಂಗಳೂರಲ್ಲಿ ಓದುವಾಗ ನಾನೂ ಅದನ್ನೇ ಬಳಸಿದ್ದೆ. ವರ್ಷಗಟ್ಟಲೆ ತಕರಾರಿಲ್ಲದೆ ಓಡಿತ್ತು. ಆ ನಂಬಿಕೆಯಲ್ಲೇ ವಸಂತ್ ಕುಂಜ್‌ನಲ್ಲೂ ಎರಡು ಡಿಎಸ್ 1307 ತಂದು ಹಾಕಿದೆ.

ಚೆಂಡಿನ ಲೆಕ್ಕ

ಈಗ ಲೆಕ್ಕ. ಭಯ ಬೇಡ, ಸಣ್ಣದೇ. ಚೆಂಡನ್ನು ಓರೆಯಾಗಿ ಮೇಲಕ್ಕೆ ಎಸೆದರೆ ಹೋಗೋ ದಾರಿ ನೆನಪಿಸಿಕೊಳ್ಳಿ. ಮೇಲೆ ಹೋಗಿ, ಒಂದು ತುದಿ ಮುಟ್ಟಿ, ಕೆಳಗೆ ಬರುತ್ತೆ. ಹರಳಿನ ವೇಗವೂ ಹಾಗೇ. 25 ಡಿಗ್ರಿಯಲ್ಲಿ ತುದಿ. ಬಿಸಿ ಹೆಚ್ಚಾದರೂ ನಿಧಾನ, ಚಳಿ ಹೆಚ್ಚಾದರೂ ನಿಧಾನ. ಎಷ್ಟು ನಿಧಾನ? 25ರಿಂದ ಎಷ್ಟು ಡಿಗ್ರಿ ದೂರ ಇದೆಯೋ ಅದರ ವರ್ಗವನ್ನು 0.034ರಿಂದ ಗುಣಿಸಿ. ಬರುವ ಉತ್ತರ ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಇಷ್ಟು ಅಂತ. ಒಂದು ಪಿಪಿಎಂ ಅಂದರೆ ದಿನಕ್ಕೆ 0.0864 ಸೆಕೆಂಡ್.

ದೆಹಲಿಗೆ ಹಾಕಿ ನೋಡಿ. ಜೂನ್‌ನ 45 ಡಿಗ್ರಿ, 25ರಿಂದ 20 ದೂರ. 20ರ ವರ್ಗ 400, ಅದು 13.6 ಪಿಪಿಎಂ. ದಿನಕ್ಕೆ 1.2 ಸೆಕೆಂಡ್ ನಷ್ಟ. ಜನವರಿಯ 5 ಡಿಗ್ರಿ, ಅಲ್ಲೂ 20 ದೂರ, ಅಲ್ಲೂ ಅಷ್ಟೇ ನಷ್ಟ. ಬೇಸಿಗೆಯ ತಪ್ಪನ್ನು ಚಳಿಗಾಲ ಸರಿಮಾಡುತ್ತೆ ಅಂತ ಕಾಯೋ ಹಾಗಿಲ್ಲ, ಎರಡೂ ಸೇರಿ ಒಂದೇ ಕಡೆಗೆ ಎಳೆಯುತ್ತವೆ. ಇನ್ನು ಬಿಸಿಲಲ್ಲಿ ಕೂತ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಮಧ್ಯಾಹ್ನ 60 ಡಿಗ್ರಿ ಮುಟ್ಟಿದರೆ 41 ಪಿಪಿಎಂಗೂ ಹೆಚ್ಚು, ಆ ಬಿಸಿ ದಿನವಿಡೀ ಇದ್ದರೆ 3.6 ಸೆಕೆಂಡ್. ಇದರ ಮೇಲೆ ಹರಳಿಂದ ಹರಳಿಗೆ ಹುಟ್ಟಿನಿಂದಲೇ ಬರುವ ವ್ಯತ್ಯಾಸ ಬೇರೆ. ಸಾಮಾನ್ಯ ಹರಳಿಗೆ 20 ಪಿಪಿಎಂ ಆಚೀಚೆ ಅಂತ ಅಂಗಡಿಯವರೇ ಬರೆದಿರುತ್ತಾರೆ.

ನನ್ನ ಎರಡು ಪೆಟ್ಟಿಗೆಯ ನಡುವೆ 120 ದಿನಕ್ಕೆ 360 ಸೆಕೆಂಡ್. ದಿನಕ್ಕೆ 3 ಸೆಕೆಂಡ್, ಅಂದರೆ ಸುಮಾರು 35 ಪಿಪಿಎಂ. ಹಗಲು ರಾತ್ರಿ ಸರಾಸರಿ ಹಾಕಿದರೆ ಸುಮಾರು ಅರ್ಧ ಟೆರೇಸಿನ ಬಿಸಿಲಿನದ್ದು, ಉಳಿದಿದ್ದು ಎರಡು ಹರಳಿನ ಹುಟ್ಟಿನ ವ್ಯತ್ಯಾಸದ್ದು. ಚಿಪ್ ಕೆಟ್ಟಿರಲಿಲ್ಲ. ಅದು ಹರಳು ಕೊಟ್ಟ ಟಿಕ್‌ಗಳನ್ನು ಒಂದೂ ಬಿಡದೆ ಎಣಿಸಿತ್ತು. ಬೆಂಗಳೂರಲ್ಲಿ ಅದು ಸರಿಯಾಗಿ ಓಡಿದ್ದಕ್ಕೆ ಕಾರಣ ಬೆಂಗಳೂರಿನ ಹವೆ, ನನ್ನ ಜಾಣತನ ಅಲ್ಲ. ಮನೆಯೊಳಗೆ ವರ್ಷದ ಬಹುಪಾಲು 25ರ ಹತ್ತಿರ ಇರುವ ಊರು ಅದು. ಕೈಗೆ ಕಟ್ಟೋಕೆ ಅಂತ ಮಾಡಿದ ಹರಳನ್ನು ನಾನು ದೆಹಲಿ ಟೆರೇಸಿನಲ್ಲಿ ಒಂಟಿಯಾಗಿ ಕೂರಿಸಿದ್ದೆ.

ಹಾಗಾದರೆ ಯಾವುದನ್ನು ಆರಿಸಬೇಕು?

ನಾನು ಬದಲಾಯಿಸಿದ್ದು ಡಿಎಸ್ 3231ಕ್ಕೆ. ಇದರಲ್ಲಿ ಹರಳು ಚಿಪ್ಪಿನ ಒಳಗೇ ಇದೆ, ಪಕ್ಕದಲ್ಲೇ ಒಂದು ಥರ್ಮಾಮೀಟರ್. 64 ಸೆಕೆಂಡಿಗೊಮ್ಮೆ ಬಿಸಿ ಅಳೆದು, ಈ ಬಿಸಿಯಲ್ಲಿ ಹರಳು ಎಷ್ಟು ಹಿಂದೆ ಬೀಳುತ್ತೆ ಅಂತ ನೋಡಿ, ಅಷ್ಟನ್ನು ಸರಿಮಾಡುತ್ತೆ. ಹ್ಯಾರಿಸನ್ ಹಿತ್ತಾಳೆ–ಉಕ್ಕಿನಲ್ಲಿ ಮಾಡಿದ್ದನ್ನೇ ಇದು ಬೇರೆ ರೀತಿ ಮಾಡುತ್ತೆ. 0ಯಿಂದ 40 ಡಿಗ್ರಿಯೊಳಗೆ ತಪ್ಪು 2 ಪಿಪಿಎಂ, ಅಂದರೆ ವರ್ಷಕ್ಕೆ ಒಂದು ನಿಮಿಷದ ಆಸುಪಾಸು. ಅದರಾಚೆ 85 ಡಿಗ್ರಿವರೆಗೆ 3.5 ಪಿಪಿಎಂ, ವರ್ಷಕ್ಕೆ ಎರಡು ನಿಮಿಷದ ಒಳಗೆ.

ಎಲ್ಲರೂ ಇದನ್ನೇ ಹಾಕಿ ಅಂತ ಹೇಳಲ್ಲ. ಮನೆಯೊಳಗಿನ ಗೋಡೆ ಗಡಿಯಾರಕ್ಕೆ ಡಿಎಸ್ 1307 ಸಾಕು, ಆದರೆ ಅದಕ್ಕೆ 5 ವೋಲ್ಟ್ ಬೇಕು ಅನ್ನೋದು ನೆನಪಿರಲಿ. ಬ್ಯಾಟರಿ ಉಳಿಸೋದೇ ಮುಖ್ಯ ಅಂದರೆ ಪಿಸಿಎಫ್ 8563 ಬಹಳ ಕಮ್ಮಿ ಕರೆಂಟ್ ಕುಡಿಯುತ್ತೆ, ಆದರೆ ಬ್ಯಾಟರಿಗೆ ಬದಲಾಗುವ ಸರ್ಕ್ಯೂಟ್ ನೀವೇ ಮಾಡ್ಕೋಬೇಕು, ಹರಳೂ ಹೊರಗಿನದ್ದೇ, ಅಂದರೆ ಚೆಂಡಿನ ಲೆಕ್ಕ ಅಲ್ಲೂ ತಪ್ಪಲ್ಲ. ಮೈಕ್ರೋಕಂಟ್ರೋಲರ್ ಒಳಗೇ ಇರುವ ಆರ್‌ಸಿ ಆಸಿಲೇಟರ್ ನಂಬಿಕೊಂಡರೆ ತಪ್ಪು ಪಿಪಿಎಂನಲ್ಲಿ ಅಲ್ಲ, ಶೇಕಡಾದಲ್ಲಿ ಬರುತ್ತೆ. ವೈಫೈ ಇದ್ದರೆ ಇಂಟರ್ನೆಟ್‌ನಿಂದ ಸಮಯ ತಗೊಳ್ಳಿ, ನಮ್ಮ ಮೆಟ್ಟಿಲ ಕೆಳಗೆ ಅದಿಲ್ಲ. ಜಿಪಿಎಸ್ ಟೆರೇಸಿಗೆ ಆಗುತ್ತಿತ್ತು, ಮೆಟ್ಟಿಲ ಕೆಳಗೆ ಆಕಾಶ ಕಾಣಲ್ಲ. ಇನ್ನೊಂದು ಎಚ್ಚರ: ಅಗ್ಗದ ಡಿಎಸ್ 3231 ಬೋರ್ಡ್‌ಗಳಲ್ಲಿ ಬ್ಯಾಟರಿಗೆ ಚಾರ್ಜ್ ಕೊಡುವ ಒಂದು ಡಯೋಡ್–ರೆಸಿಸ್ಟರ್ ಇರುತ್ತೆ. ಮಾಮೂಲಿ ಸಿಆರ್ 2032 ಚಾರ್ಜ್ ಮಾಡುವ ಬ್ಯಾಟರಿ ಅಲ್ಲ, ಅದನ್ನು ಹಾಕೋದಾದರೆ ಆ ದಾರಿ ಕತ್ತರಿಸಿ.

ಆದರೆ ಇದೆಲ್ಲಕ್ಕಿಂತ ಮುಂಚೆ ಎರಡು ಪ್ರಶ್ನೆ ಕೇಳ್ಕೊಳ್ಳಿ. ಈ ಗಡಿಯಾರ ಎಲ್ಲಿ ಕೂರುತ್ತೆ? ತಪ್ಪಿದರೆ ನಷ್ಟ ಯಾರಿಗೆ? ಎರಡನೆಯದನ್ನು ನಾನು ಕೇಳ್ಕೊಂಡಿರಲಿಲ್ಲ. ಇದು ಬರೀ ನಮ್ಮ ಮೆಟ್ಟಿಲಿನ ವಿಷಯ ಅಲ್ಲ. 2023ರಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದು, ಹಗಲಿನ ಸೌರ ಗಂಟೆಗಳಿಗೆ ಒಂದು ದರ, ಹೆಚ್ಚು ಬೇಡಿಕೆಯ ಗಂಟೆಗಳಿಗೆ ಇನ್ನೊಂದು ದರ ಅನ್ನೋ ಪದ್ಧತಿಗೆ ದಾರಿ ಮಾಡಿತು. ಅಂಥ ದರ ಜಾರಿಯಾದ ಮನೆಯ ಮೀಟರಿನ ಗಡಿಯಾರವೂ ಬಿಲ್ಲಿನ ಭಾಗ. ಹೊರಗೋಡೆಯ ಮೀಟರಿಗೆ ಬಿಸಿಲು ತಪ್ಪಿದ್ದಲ್ಲ.

ಕೊನೆಗೆ

ಅಪ್ಪನ ರೇಡಿಯೋ ಬಗ್ಗೆ ಹೇಳ್ತೀನಿ ಅಂದಿದ್ನಲ್ಲ. ಭಾರತೀಯ ಕಾಲಮಾನವನ್ನು ಕಾಯೋದು ದೆಹಲಿಯ ಪೂಸಾದಲ್ಲಿರುವ ರಾಷ್ಟ್ರೀಯ ಭೌತ ಪ್ರಯೋಗಾಲಯ, ಎನ್‌ಪಿಎಲ್. ನಮ್ಮ ಮನೆಯಿಂದ ಹದಿನೈದು ಕಿಲೋಮೀಟರ್ ಒಳಗೇ. ಅಲ್ಲಿರೋದು ಸೀಸಿಯಂ ಪರಮಾಣು ಗಡಿಯಾರಗಳು. 1967ರಿಂದ ಸೆಕೆಂಡಿನ ವ್ಯಾಖ್ಯೆಯೇ ಸೀಸಿಯಂನ 9,19,26,31,770 ಅಲುಗಾಟ. ಅಂಥ ಗಡಿಯಾರಗಳನ್ನೂ ಬಿಸಿ–ಚಳಿ ಹೆಚ್ಚುಕಮ್ಮಿ ಆಗದ ಕೋಣೆಯಲ್ಲಿ ಜೋಪಾನ ಮಾಡ್ತಾರೆ. ಅಷ್ಟು ದೊಡ್ಡ ಗಡಿಯಾರಕ್ಕೇ ಅಷ್ಟು ಆರೈಕೆ ಬೇಕಾದರೆ ನನ್ನ ಟೆರೇಸಿನ ಪೆಟ್ಟಿಗೆಗೆ ಒಂದು ನೆರಳಾದರೂ ಬೇಡವಾ?

ಈಗ ನೆರಳಿದೆ, ಮೇಲೊಂದು ಬಿಳಿ ಶೀಟ್ ಹಾಕಿದ್ದೇನೆ. ಚಿಪ್ ಬದಲಾಗಿದೆ. ತಿಂಗಳ ಮೊದಲ ಭಾನುವಾರ ಎನ್‌ಪಿಎಲ್ ಸಮಯ ನೋಡಿ ಎರಡೂ ಗಡಿಯಾರ ಸರಿಮಾಡ್ತೀನಿ, ಅಪ್ಪ ಪೀಂ ಪೀಂಗೆ ಮುಳ್ಳು ತಿರುಗಿಸಿದ ಹಾಗೆ. ಜೊತೆಗೆ ಪ್ರೋಗ್ರಾಮಿನಲ್ಲಿ ನಾಲ್ಕು ಸಾಲು ಸೇರಿಸಿದೆ: ಸರದಿ ವಾರಕ್ಕೊಮ್ಮೆ ಬದಲಾಗುತ್ತೆ. ಯಾವ ಚಿಪ್ ಹಾಕಿದರೂ ತಪ್ಪು ಸೊನ್ನೆ ಆಗಲ್ಲ, ಆದರೆ ಆ ತಪ್ಪು ಯಾವಾಗಲೂ ಒಂದೇ ಮನೆ ಮೇಲೆ ಬೀಳೋದು ತಪ್ಪುತ್ತೆ.

ಆಂಟಿಗೆ ಇದೆಲ್ಲ ವಿವರಿಸಿ, ಕ್ಷಮೆ ಕೇಳಿದೆ. ಹರಳು, ಚೆಂಡು, 25 ಡಿಗ್ರಿ ಎಲ್ಲಾ ಕೇಳಿಸಿಕೊಂಡರು. ಆಮೇಲೆ "ಅದಿರಲಿ, ಈ ವಾರ ಮೊದಲು ಯಾರದು?" ಅಂದರು. ಅವರದೇ ಅಂದೆ. ಸರಿ ಅಂತ ಮೇಲೆ ಹೋದರು.

ನಿಮ್ಮ ಪ್ರಾಜೆಕ್ಟಿನ ಗಡಿಯಾರ ಎಲ್ಲಿ ಕೂತಿದೆ ಅಂತ ಇವತ್ತೇ ಒಂದು ಸಲ ಹೋಗಿ ನೋಡಿ.